ಕೆಂಪು ಬೊಟ್ಟಿನ ಸವಾರ

ಬಿದಿರುಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅದನ್ನು ಯಾವುದೋ ಘಾಟಿನ ದ್ರವದಲ್ಲಿ ಅದ್ದಿ, ಕಯಲ್ ಎಂಬ ಆ ಹುಡುಗಿ ನಮ್ಮ ಮನೆಯ ಹಳೆಯ ಚಿತ್ರದ ಎಡಮೂಲೆಯನ್ನು ಮಗುವಿನ ಗಲ್ಲ ಒರೆಸುವಂತೆ ಮೆಲ್ಲಗೆ ಒರೆಸಿದಳು. ಹಳೆಯ ಚಿತ್ರಗಳ ಕೊಳೆ ತೆಗೆದು ಹೊಸದಾಗಿಸುವುದು ಅವಳ ಕಸುಬು. ಮದರಾಸಿನ ಪ್ಯಾರೀಸ್ ಕಾರ್ನರಿನ ಒಂದು ಓಣಿಯಲ್ಲಿ, ಕಾಗದದ ಸಗಟು ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕೋಣೆ. ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು, ಹುಬ್ಬು ಗಂಟಿಕ್ಕಿ, ನನ್ನತ್ತ ಚಾಚಿದಳು. "ಮ್ಯಾಡಂ, ಇದೆನ್ನ ವಾಸನೈ? ಅಡುಗೆಮನೆ ಹೊಗೆ ಇಪ್ಪಡಿ ಇರಾದು." ಅಡುಗೆಮನೆಯ ಹೊಗೆಯಲ್ಲವೆಂದು ಅವಳಿಗೆ ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ನನಗೆ ಗೊತ್ತಾಯಿತು. ಅದು ಸಾಂಬ್ರಾಣಿ. ನನ್ನ ಒದ್ದೆ ಕೂದಲಿನ ಸಾಂಬ್ರಾಣಿ. ಐವತ್ತು ವರ್ಷ ಆ ಬಣ್ಣದ ಪದರಗಳ ನಡುವೆ ಅಡಗಿ ಕೂತಿದ್ದ ಶನಿವಾರದ ಬೆಳಗೊಂದು, ಹತ್ತಿಯ ಉಂಡೆಯಲ್ಲಿ ಎದ್ದು ಬಂದು ನನ್ನ ಮೂಗಿನ ಮುಂದೆ ನಿಂತುಬಿಟ್ಟಿತ್ತು. ನಿಮ್ಮ ಮನೆಗಳಲ್ಲೂ ಇಂಥ ಏನಾದರೂ ಇದ್ದಿರಬಹುದು. ಒಂದು ಪೆಟ್ಟಿಗೆ, ಒಂದು ಕೊಡೆ, ಯಾರೂ ಬಿಡಿಸದೆ ಮಡಿಸಿಟ್ಟ ಒಂದು ಶಾಲು. ದಯವಿಟ್ಟು ಅದನ್ನು ಹುಷಾರಾಗಿ ಬಿಚ್ಚಿ ಎಂದಷ್ಟೇ ಹೇಳಬಲ್ಲೆ.

ನನ್ನ ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಎರಡು ವರ್ಷಕ್ಕೊಂದು ಊರು. ಓದು ಕೆಡಬಾರದೆಂದು ನನ್ನನ್ನು ಮೈಲಾಪೂರದಲ್ಲಿ ತಾತ, ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅವರು ನಂಜನಗೂಡಿನ ಕಡೆಯವರು. ಮದರಾಸಿಗೆ ಬಂದು ಎರಡು ತಲೆಮಾರಾಗಿದ್ದರೂ ಅಜ್ಜಿ ಹಾಲಿನವನ ಹತ್ತಿರ ಕನ್ನಡದಲ್ಲೇ ಜಗಳವಾಡುತ್ತಿದ್ದಳು, ಅವನು ತಮಿಳಿನಲ್ಲಿ ಜವಾಬು ಕೊಡುತ್ತಿದ್ದ, ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು. ತಾತ ಪ್ಯಾರೀಸ್ ಕಾರ್ನರಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಹೆಡ್ ಕ್ಲರ್ಕು. ನಾನು ಹುಟ್ಟುವುದಕ್ಕೂ ಮುಂಚೆ, ಅವರ ಆಫೀಸಿನ ಪಕ್ಕದ ಕಟ್ಟಡದಲ್ಲಿದ್ದ ಯಾವುದೋ ಬಿಳಿಯರ ವ್ಯಾಪಾರದ ಕಂಪನಿ ಬಾಗಿಲು ಮುಚ್ಚಿತಂತೆ. ಬೇಕಾದವರು ಬೇಕಾದ್ದು ಒಯ್ಯಬಹುದು ಎಂದರಂತೆ. ಸುತ್ತಲಿನ ಆಫೀಸುಗಳ ಗುಮಾಸ್ತರೆಲ್ಲ ಊಟದ ಹೊತ್ತಿಗೇ ನುಗ್ಗಿ ಮೇಜು, ಕುರ್ಚಿ, ಗೋಡೆಗಡಿಯಾರ, ಕೊಡೆಯ ಸ್ಟ್ಯಾಂಡು ಎಲ್ಲ ಹೊತ್ತರು. ತಾತ ಮಾತ್ರ ಕೈಯಲ್ಲಿದ್ದ ಫೈಲು ಮುಗಿಸಿಯೇ ಏಳಬೇಕು ಎನ್ನುವ ಮನುಷ್ಯ. ಸಂಜೆ ಹೋಗಿ ನೋಡಿದರೆ ಖಾಲಿ ಹಾಲಿನ ಗೋಡೆಯ ಮೇಲೆ ಉಳಿದಿದ್ದುದು ಇದೊಂದೇ, ಐದಡಿ ಅಗಲದ, ಧೂಳು ಹಿಡಿದ ಅಶ್ವದಳದ ಚಿತ್ರ. ಅದನ್ನು ಕೈಗಾಡಿಯ ಮೇಲೆ ಹಾಕಿಸಿ, ಪಕ್ಕದಲ್ಲಿ ತಾವೇ ಹಿಡಿದುಕೊಂಡು, ಮೈಲಾಪೂರದವರೆಗೆ ನಡೆದುಕೊಂಡು ಬಂದರಂತೆ. ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ ಮಾತು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಓಡಾಡಿತು. "ಊರೋರೆಲ್ಲ ಕುರ್ಚಿ ತೊಗೊಂಡು ಮನೆಗ್ ಹೋದ್ರು. ನೀವು ಯುದ್ಧ ತೊಗೊಂಡ್ ಬಂದ್ರಾ?"

ಯಾವ ಯುದ್ಧ ಎಂಬುದೇ ಗೊತ್ತಿರಲಿಲ್ಲ. ಚೌಕಟ್ಟಿನ ಕೆಳಗೆ ಹಿತ್ತಾಳೆಯ ಫಲಕವಿದ್ದ ಜಾಗದಲ್ಲಿ ಎರಡು ಮೊಳೆಯ ತೂತುಗಳು ಮಾತ್ರ ಉಳಿದಿದ್ದವು. ಫಲಕವನ್ನು ಯಾರೋ ಮೊದಲೇ ಕಿತ್ತುಕೊಂಡಿದ್ದರು. ಬರೆದವನ ಸಹಿ ಇರಲಿಲ್ಲ. ಎಡದಿಂದ ಬಲಕ್ಕೆ ನುಗ್ಗುತ್ತಿರುವ ಕುದುರೆಗಳು. ಕೆಲವರ ತಲೆಯ ಮೇಲೆ ರುಮಾಲು, ಕೆಲವರದು ಲೋಹದ ಟೋಪಿ. ಎತ್ತಿ ಹಿಡಿದ ಕತ್ತಿಗಳು. ಮೇಲೆ ಮಳೆ ಬರುವುದೋ ಬಿಡುವುದೋ ಎನ್ನುವಂಥ ಆಕಾಶ. ನಾನು ಎಷ್ಟು ಸಲ ಎಣಿಸಿದರೂ ಕುದುರೆಗಳು ಹದಿನಾರು, ಕಾಲುಗಳು ಮಾತ್ರ ಒಂದೊಂದು ಸಲ ಒಂದೊಂದು ಲೆಕ್ಕ. ಎಲ್ಲಕ್ಕಿಂತ ಗೊಂದಲದ ಸಂಗತಿಯೆಂದರೆ ಆ ಚಿತ್ರದಲ್ಲಿ ಶತ್ರುವೇ ಇರಲಿಲ್ಲ. ಅವರು ಯಾರ ಮೇಲೆ ಏರಿ ಹೋಗುತ್ತಿದ್ದಾರೋ ಅವರು ಚೌಕಟ್ಟಿನಿಂದ ಆಚೆ ಎಲ್ಲೋ ಇದ್ದರು. ನಮ್ಮ ನಡುಮನೆಯಲ್ಲಿ ಅದನ್ನು ತೂಗುಹಾಕಲು ಇದ್ದುದು ಒಂದೇ ಗೋಡೆ, ಆ ಗೋಡೆಯ ಬಲಕ್ಕೆ ಅಡುಗೆಮನೆಯ ಬಾಗಿಲು. ಹೀಗಾಗಿ ಆ ಹದಿನಾರು ಜನ ಹಗಲೂ ಇರುಳೂ ಕತ್ತಿ ಹಿರಿದುಕೊಂಡು ನಮ್ಮ ಅಡುಗೆಮನೆಯ ಕಡೆಗೇ ಧಾವಿಸುತ್ತಿದ್ದರು. "ಹುಳಿ ಕುದಿಯೋ ವಾಸನೆ ಬಂದಿರ್ಬೇಕು," ಎನ್ನುತ್ತಿದ್ದರು ತಾತ.

ಇನ್ನು ಶನಿವಾರದ ವಿಷಯ. ಹೆಣ್ಣುಮಕ್ಕಳಿಗೆ ಎಣ್ಣೆ ನೀರು ಶುಕ್ರವಾರವೇ ಆಗಬೇಕು, ಶನಿವಾರ ಗಂಡಸರ ದಿನ ಎಂಬುದು ಅಜ್ಜಿಯ ಕಟ್ಟಳೆ. ಆದರೆ ಶುಕ್ರವಾರ ಸ್ಕೂಲಿತ್ತು. ನನ್ನ ಸಲುವಾಗಿ ಕಟ್ಟಳೆ ಮುರಿದದ್ದಕ್ಕೆ ಅವಳು ಪ್ರತಿ ಶನಿವಾರವೂ ಎಣ್ಣೆಯ ಜೊತೆಗೆ ಅಷ್ಟು ಗೊಣಗನ್ನೂ ನನ್ನ ನೆತ್ತಿಗೆ ತಿಕ್ಕುತ್ತಿದ್ದಳು. ಸ್ನಾನವಾದ ಮೇಲೆ ನಡುಮನೆಯ ಗೋಡೆಗೆ ಒರಗಿ ಕೂತು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಮೇಲೆ ಬುಟ್ಟಿ ಕವುಚಿದಲ್ಲಿ ನನ್ನ ಕೂದಲನ್ನು ಹರಡಿ ಆರಿಸಬೇಕು. ಆ ಜಾಗ ಸರಿಯಾಗಿ ಚಿತ್ರದ ಎಡಮೂಲೆಯ ಕೆಳಗೆ. ಕೂದಲು ಆರುವವರೆಗೆ ಏಳುವ ಹಾಗಿಲ್ಲ. ತಾತ ಆ ಹೊತ್ತನ್ನು ವ್ಯರ್ಥ ಮಾಡುವವರಲ್ಲ. ನಾನು ತಮಿಳು ಸ್ಕೂಲಿಗೆ ಹೋಗುತ್ತಿದ್ದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಅದನ್ನು ತಿದ್ದಲು ಅವರು ಕಂಡುಕೊಂಡ ದಾರಿ ಇದು: ಕೂದಲು ಆರುವಷ್ಟು ಹೊತ್ತು ನಾನು ಕತ್ತೆತ್ತಿ ಆ ಚಿತ್ರವನ್ನು ನೋಡುತ್ತ, ಅದರಲ್ಲಿ ಏನಾಗುತ್ತಿದೆ ಎಂದು ಕನ್ನಡದಲ್ಲಿ ಕಥೆ ಹೇಳಬೇಕು. ಎಡಗಡೆಯ ಮೊದಲ ಕುದುರೆಯಿಂದ ಶುರು. ನಡುವೆ ಒಂದು ತಮಿಳು ಮಾತು ನುಸುಳಿದರೆ ತಾತ ಕೋಲಿನಿಂದ ನೆಲಕ್ಕೆ ಕುಟ್ಟಿ, "ಮೊದಲನೇ ಕುದುರೆಯಿಂದ!" ಎಂದು ಕೂಗುತ್ತಿದ್ದರು. ಹದಿಮೂರನೆಯ ಕುದುರೆಯವರೆಗೆ ಹೋಗಿ, ಅಯ್ಯೋ ಎನ್ನುವ ಬದಲು 'ಐಯಯ್ಯೋ' ಎಂದು, ಮತ್ತೆ ಮೊದಲಿನಿಂದ ಹೊರಟ ದಿನಗಳಿದ್ದವು. ಸಮುದ್ರತೀರದ ಸವಾರಿ ಕುದುರೆ ಬಿಟ್ಟರೆ ನಿಜವಾದ ಕುದುರೆಯನ್ನೇ ಕಾಣದ ಹುಡುಗಿ, ಲಗಾಮು, ರಿಕಾಪು, ಜೀನು, ಗೊರಸು, ನಾಗಾಲೋಟ ಎಂಬ ಮಾತುಗಳನ್ನೆಲ್ಲ ಉಪ್ಪಿಟ್ಟು, ಚಿತ್ರಾನ್ನ ಎಂದಷ್ಟೇ ಸಲೀಸಾಗಿ ಕಲಿತಳು. ಇವತ್ತು ನಾನು ಬರೆಯುತ್ತಿರುವ ಕನ್ನಡ ಆ ಗೋಡೆಯ ಮೇಲಿಂದ ಇಳಿದು ಬಂದದ್ದು.

ಕಥೆಯೆಂದರೆ ಇಬ್ಬರಾದರೂ ಒಪ್ಪಬೇಕಲ್ಲ. ತಾತನಿಗೆ ಅವರು ಮೈಸೂರಿನ ಕಡೆಯ ಸವಾರರು. ಮುಂದಿನ ವಾರ ಮರಾಠರು. ಅದರ ಮುಂದಿನ ವಾರ, ಯಾವುದೋ ಪುಸ್ತಕ ತಿರುವಿದ ಮೇಲೆ, ಬಿಳಿಯರ ಕೈಕೆಳಗಿನ ನಮ್ಮವರು. ಹಾಗಾದರೆ ಅವರು ಏರಿ ಹೋಗುತ್ತಿರುವುದು ನಮ್ಮ ಮೇಲೆಯೇ. "ಹಂಗಾದ್ರೆ ಇಷ್ಟು ವರ್ಷ ಶತ್ರುಗಳಿಗೆ ದೀಪದ ಬೆಳಕು ಕೊಟ್ಟಿದ್ದೀವಾ?" ಎಂದು ಅಜ್ಜಿ ಕೇಳಿದರೆ ತಾತ ಕಸಿವಿಸಿಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅಜ್ಜಿಯ ವ್ಯಾಖ್ಯಾನವೇ ಬೇರೆ. ಇದು ದಾಳಿಯೇ ಅಲ್ಲ, ಇವರು ಓಡಿಹೋಗುತ್ತಿದ್ದಾರೆ ಎಂದು ಅವಳ ವಾದ. "ಆ ಕೊನೇವನ್ ನೋಡಿ, ತಿರುಗಿ ಹಿಂದಕ್ಕೆ ನೋಡ್ತಿದಾನೆ. ಹೊಡಿಯಕ್ ಹೋಗೋನು ಹಿಂದೆ ಯಾಕ್ರೀ ನೋಡ್ತಾನೆ? ಹೊಡಿಸ್ಕೊಂಡ್ ಬಂದೋನು ನೋಡ್ತಾನೆ." ನಾನೋ, ಒಂದು ವಾರ ಗೆಲ್ಲಿಸುತ್ತಿದ್ದೆ, ಒಂದು ವಾರ ಸೋಲಿಸುತ್ತಿದ್ದೆ, ಹಸಿವಾದ ದಿನ ಎಲ್ಲರನ್ನೂ ಬೇಗಬೇಗ ಸಾಯಿಸಿ ಎದ್ದುಬಿಡುತ್ತಿದ್ದೆ.

ಆ ನಡುಮನೆಯಲ್ಲಿ ಕಥೆಯನ್ನು ಕೇಳುತ್ತಿದ್ದು ತಾನು ಮಾತ್ರ ಒಂದು ಮಾತೂ ಹೇಳದವಳು ಪದ್ಮತ್ತೆ. ಅಪ್ಪನ ತಂಗಿ. ಎತ್ತರದ ಹೆಂಗಸು, ಬ್ಯಾಂಕಿನಲ್ಲಿ ಕೆಲಸ, ದಿನಾ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಹಣೆಯ ಮೇಲೆ ಕಾಸಗಲದ ಕುಂಕುಮವಿಟ್ಟುಕೊಂಡು ಬಸ್ಸಿಗೆ ಓಡುವವಳು. ಅವಳ ಗಂಡ ಎಲ್ಲಿ ಎಂದು ಕೇಳಿದರೆ ನನಗೆ ಸಿಗುತ್ತಿದ್ದ ಉತ್ತರ, "ಕ್ಯಾಂಪ್ ಹೋಗಿದಾರೆ." ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗುವುದಕ್ಕೆ ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು, ನನ್ನ ಅಪ್ಪನೂ ಕ್ಯಾಂಪ್ ಹೋಗುತ್ತಿದ್ದ, ಬರುತ್ತಿದ್ದ. ಮಾವ ಹೋದದ್ದು ಹೋದದ್ದೇ. ನಿಜವಾಗಿ ನಡೆದದ್ದು ನನಗೆ ತಿಳಿದಿದ್ದು ಕಾಲೇಜಿಗೆ ಬಂದ ಮೇಲೆ. ಮದುವೆಯಾಗಿ ಎರಡನೆಯ ವರ್ಷ, ಒಂದು ಬೆಳಗ್ಗೆ, ಸ್ನೇಹಿತನೊಬ್ಬನನ್ನು ರೈಲು ಹತ್ತಿಸಿ ಬರುತ್ತೇನೆಂದು ಸೆಂಟ್ರಲ್ ಸ್ಟೇಷನ್ನಿಗೆ ಹೋದವರು, ರೈಲು ಹೊರಟಾಗ ತಾವೂ ಹತ್ತಿದರು. ಆ ಸ್ನೇಹಿತನೇ ಮುಂದಿನ ನಿಲ್ದಾಣದಿಂದ ತಂತಿ ಕೊಟ್ಟ. ಆಮೇಲೆ, ಅವನು ನಿದ್ದೆಯಲ್ಲಿದ್ದಾಗ, ಯಾವ ಊರಲ್ಲಿ ಇಳಿದರೋ, ಯಾಕೆ ಹೋದರೋ, ಯಾರಿಗೂ ತಿಳಿಯಲಿಲ್ಲ. ಜಗಳವಿರಲಿಲ್ಲ, ಬೇರೆ ಹೆಂಗಸಿರಲಿಲ್ಲ, ಚಪ್ಪಲಿ ಬಿಟ್ಟರೆ ಏನನ್ನೂ ಒಯ್ದಿರಲಿಲ್ಲ. ತಾವಾಗಿ ಹೋದರೋ, ಏನೋ ಒಂದು ಎಳೆದುಕೊಂಡು ಹೋಯಿತೋ ಎಂಬುದೊಂದೇ ಪದ್ಮತ್ತೆ ಜೀವನವಿಡೀ ತಿಳಿಯಬೇಕೆಂದುಕೊಂಡ ವಿಷಯ. ಅದನ್ನೂ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಸಲ, ಅದೂ ಒಂದು ಕುದುರೆಯ ನೆಪದಲ್ಲಿ.

ಒಂದು ಭಾನುವಾರ ಅವಳು ನನ್ನನ್ನು ಮರೀನಾಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಸವಾರಿಗೆ ಬಿಡುವ ಬಡಕಲು ಕುದುರೆಗಳಿದ್ದವು. ಇಷ್ಟು ವರ್ಷ ಕಥೆ ಹೇಳಿದವಳು ಒಮ್ಮೆ ಕೂತು ನೋಡಲಿ ಎಂದು ನನ್ನನ್ನು ಒಂದರ ಮೇಲೆ ಹತ್ತಿಸಿದಳು. ಕುದುರೆಯವನು ಬೀಡಿ ಹಚ್ಚಲು ಹಗ್ಗ ಬಿಟ್ಟನೋ ಇಲ್ಲವೋ, ಅದು ತನ್ನ ಪಾಡಿಗೆ ಹೊರಟಿತು. ಓಡಲಿಲ್ಲ, ನಾಗಾಲೋಟವೂ ಅಲ್ಲ, ಬೇಸತ್ತ ಗುಮಾಸ್ತ ಮನೆಗೆ ಹೋಗುವಂತೆ ಒಂದೇ ಸಮನೆ ದುಡುದುಡು ನಡೆಯಿತು, ದೂರದಲ್ಲಿ ಅದಕ್ಕೆ ಹುಲ್ಲು ಹಾಕುತ್ತಿದ್ದ ಮುದುಕಿಯ ಕಡೆಗೆ. ನಾನು ಲಗಾಮು ಹಿಡಿದು ಎಳೆದೆ, ಅಳತೊಡಗಿದೆ, ಬಾಯಿಂದ ತಾತನಿಗೆ ಬೇಡವಾದ ಎಲ್ಲ ತಮಿಳೂ ಬಂತು. ಕುದುರೆಯವನು ನಗುತ್ತ ಹಿಂದೆ ಬಂದ. ಪದ್ಮತ್ತೆ ಸೀರೆ ಎತ್ತಿ ಕಟ್ಟಿ ಮರಳಿನಲ್ಲಿ ಓಡಿ ಬಂದು ನನ್ನನ್ನು ಇಳಿಸಿಕೊಂಡಳು. ಏದುಸಿರು ನಿಲ್ಲುವ ಮೊದಲೇ ಕೇಳಿದಳು:

"ನೀನು ಎಳೆದ್ಯಾ?"

"ಎಳೆದೆ ಅತ್ತೆ. ಅದು ಕೇಳ್ಲೇ ಇಲ್ಲ."

"ನಿಜವಾಗ್ಲೂ ಎಳೆದ್ಯಾ? ಹೋಗ್ಲಿ ಅಂತ ಬಿಡ್ಲಿಲ್ಲ ತಾನೆ?"

"ಇಲ್ಲಾ! ನೋಡು ಕೈ," ಎಂದು ಕೆಂಪಾದ ಅಂಗೈ ತೋರಿಸಿದೆ. ಅವಳು ಆ ಅಂಗೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸುಂಡಲ್, ಕಡಲೆಯ ಉಸಲಿ, ಕೊಡಿಸಿದಳು. ನಾನು ಎಲ್ಲ ಮರೆತೆ.

ಮುಂದಿನ ಶನಿವಾರ ನಾನು ಐದನೆಯ ಕುದುರೆಗೆ ಬಂದಿದ್ದೆ. ಬೂದುಬಣ್ಣದ ಕುದುರೆ ಅದು. ಅದರ ಸವಾರನ ಮುಖ ಮುಂದಿನ ಕುದುರೆಯ ಕತ್ತಿನ ಹಿಂದೆ ಅರ್ಧ ಮುಚ್ಚಿಹೋಗಿ, ಒಂದು ಕಣ್ಣು ಮತ್ತು ತೆರೆದ ಬಾಯಿ ಮಾತ್ರ ಕಾಣುತ್ತಿತ್ತು. ಆ ಬಾಯಿ ಜಯಕಾರ ಹಾಕುತ್ತಿದೆಯೋ, ನಗುತ್ತಿದೆಯೋ, ಯಾರನ್ನೋ ಕರೆಯುತ್ತಿದೆಯೋ ಹೇಳಲಾಗದು. "ಇವನು ಎಲ್ಲರಿಗಿಂತ ಶೂರ..." ಎಂದು ನಾನು ಶುರು ಮಾಡಿದೆ. ಹೂ ಕಟ್ಟುತ್ತಿದ್ದ ಪದ್ಮತ್ತೆ ತಲೆಯೆತ್ತದೆ ಹೇಳಿದಳು: "ಅವನು ಶೂರ ಅಲ್ಲ. ಅವನಿಗೆ ಹೋಗಕ್ಕೇ ಇಷ್ಟ ಇಲ್ಲ. ಕುದುರೆ ಎಳ್ಕೊಂಡ್ ಹೋಗ್ತಿದೆ. ಅವನು ಲಗಾಮು ಎಳೀತಿದಾನೆ, ಅದು ಕೇಳ್ತಿಲ್ಲ."

ತಾತ ಕೋಲು ಕೆಳಗಿಟ್ಟರು. ಅಜ್ಜಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನೊಬ್ಬಳು ಕತ್ತು ಉದ್ದ ಮಾಡಿ ಹುಡುಕಿದೆ. ಆ ಎತ್ತರದಲ್ಲಿ, ಆ ಮಸಿಯಲ್ಲಿ, ಅವನ ಕೈ ಕುದುರೆಯ ಕೇಸರದ ಹತ್ತಿರ ಒಂದು ಮಸುಕಾದ ಮುದ್ದೆ, ಅಷ್ಟೆ. "ಕೈ ಕಾಣಲ್ಲ ಅತ್ತೆ," ಎಂದೆ. ತಾತ ಗಂಟಲು ಸರಿಮಾಡಿಕೊಂಡು, "ಇರ್ಬಹುದು, ಇರ್ಬಹುದು. ಮುಂದಿನ ವಾರ ಆಯುಧಪೂಜೆಗೆ ಹೇಗೂ ಸ್ಟೂಲ್ ಹಾಕ್ತೀವಲ್ಲ. ಪದ್ಮ ಹತ್ತಿ ನೋಡ್ತಾಳೆ," ಎಂದರು.

ಆಯುಧಪೂಜೆಗೂ ಚಿತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಎಲ್ಲರ ಮನೆಯಂತೆ ನಮ್ಮಲ್ಲೂ ಅವತ್ತು ಈಳಿಗೆಮಣೆ, ಕತ್ತರಿ, ಹೊಲಿಗೆಯಂತ್ರ, ತಾತನ ಪೆನ್ನು, ಸೈಕಲ್ಲು ಎಲ್ಲಕ್ಕೂ ಕುಂಕುಮವಿಟ್ಟು ಪೂಜೆ. ಚಿತ್ರ ಮನೆಗೆ ಬಂದ ಮೊದಲ ವರ್ಷವೇ ತಾತ, "ಇಷ್ಟೊಂದು ಕತ್ತಿ ಈ ಮೈಲಾಪೂರದಲ್ಲಿ ಇನ್ ಯಾರ ಮನೇಲಿದೆ? ಇವಕ್ಕೆ ಬಿಟ್ಟು ಈಳಿಗೆಮಣೆಗೆ ಮಾಡೋದಾ?" ಎಂದರಂತೆ. ಅಜ್ಜಿಗೂ ಅದು ನ್ಯಾಯವೆನಿಸಿತು. ಕತ್ತಿ ಆಯುಧ, ಕುದುರೆ ವಾಹನ. ಅಂದಿನಿಂದ ಪ್ರತಿ ವರ್ಷ ಎಳ್ಳೆಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಪ್ರತಿಯೊಂದು ಕತ್ತಿಯ ತುದಿಗೆ, ಪ್ರತಿಯೊಂದು ಕುದುರೆಯ ಹಣೆಗೆ ಇಡುವುದು ಪದ್ಧತಿಯಾಯಿತು. ಎತ್ತರದವಳೆಂದು ಆ ಕೆಲಸ ಪದ್ಮತ್ತೆಯದು.

ಆ ವರ್ಷ ಅವಳು ಸ್ಟೂಲು ಹತ್ತಿದಳು. ಕುಂಕುಮದ ಬಟ್ಟಲು ಹಿಡಿದು ಕೆಳಗೆ ನಿಂತವಳು ನಾನು. ಒಂದು, ಎರಡು, ಮೂರು, ನಾಲ್ಕು ಕುದುರೆ ಆಯಿತು. ಐದನೆಯದಕ್ಕೆ ಬಂದು ನಿಂತಳು. ಮುಖವನ್ನು ಚಿತ್ರದ ಬಟ್ಟೆಗೆ ತಾಗುವಷ್ಟು ಹತ್ತಿರ ಒಯ್ದಳು. ಸೆರಗಿನ ತುದಿಯಿಂದ ಅಲ್ಲಿ ಒಮ್ಮೆ ಒರೆಸಿದಳು, ನೋಡಿದಳು. ಊದುಬತ್ತಿ ಅರ್ಧ ಸುಟ್ಟುಹೋಯಿತು. ಆಮೇಲೆ ಬೆರಳನ್ನು ಬಟ್ಟಲಿನಲ್ಲಿ ಪೂರ್ತಿ ಅದ್ದಿ, ಆ ಸವಾರನ ಕೈ ಇದ್ದಲ್ಲಿ, ತನ್ನ ಹಣೆಯ ಮೇಲಿದ್ದಷ್ಟೇ ಅಗಲದ ಬೊಟ್ಟನ್ನು ಒತ್ತಿ ಇಟ್ಟಳು.

"ಕೈಗ್ಯಾಕೇ ಕುಂಕುಮ? ಕೈ ಏನ್ ಆಯುಧನಾ?" ಎಂದಳು ಅಜ್ಜಿ.

"ಲಗಾಮೂ ಆಯುಧಾನೇ ಅಮ್ಮ."

"ಲಗಾಮು ಕಾಣಿಸ್ತಾ?" ತಾತ ಕೇಳಿದರು.

"ಕಾಣಿಸ್ತು," ಎಂದು ಪದ್ಮತ್ತೆ ಆರನೆಯ ಕುದುರೆಗೆ ಹೋದಳು.

ಅಲ್ಲಿಗೆ ಅದು ತೀರ್ಮಾನವಾಯಿತು. ಮಿಕ್ಕ ಹದಿನೈದು ಜನ ವಾರಕ್ಕೊಂದು ಪಕ್ಷ ಬದಲಿಸಿದರೂ ಐದನೆಯವನು ಮಾತ್ರ ನಮ್ಮ ಮನೆಯಲ್ಲಿ ಸದಾ ಲಗಾಮು ಎಳೆಯುವವನಾಗಿಯೇ ಉಳಿದ. ನಾನೂ ಹಾಗೇ ಹೇಳಿದೆ. ಪ್ರತಿ ವರ್ಷ ಹಳೆಯ ಬೊಟ್ಟಿನ ಮೇಲೆ ಹೊಸ ಬೊಟ್ಟು ಕೂತಿತು.

ಮನೆಗಳು ಹೇಗೆ ಕರಗುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೊದಲು ಕೋಲಿನ ಸದ್ದು ನಿಂತಿತು, ಮೂರು ವರ್ಷಕ್ಕೆ ಹಾಲಿನವನ ಜೊತೆಗಿನ ಜಗಳ ನಿಂತಿತು. ಬಾಡಿಗೆಮನೆ ಹೋಗಿ ಅಲ್ಲಿ ಫ್ಲಾಟುಗಳೆದ್ದವು. ನಮ್ಮ ನಡುಮನೆ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಪದ್ಮತ್ತೆ ರಿಟೈರಾಗಿ ಕ್ರೋಂಪೇಟೆಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಳು. ಬ್ಯಾಂಕಿನ ಗೆಳತಿಯರು ಎದುರುಮನೆ, ಪಕ್ಕದಮನೆ, ದಿನವೂ ಇಸ್ಪೀಟು. ಚಿತ್ರ ಅಪ್ಪನ ಮನೆಯಲ್ಲಿ ಹಳೆಯ ಬೆಡ್‌ಶೀಟು ಸುತ್ತಿಕೊಂಡು ಮಂಚದ ಹಿಂದೆ ಮಲಗಿ, ಕಡೆಗೆ ಮೈಲಾಪೂರದ ನನ್ನ ಫ್ಲಾಟಿಗೆ ಬಂತು. ನನ್ನ ಮೊಮ್ಮಗಳು ನಿಲಾ ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಜವಾಬು ಮಾತ್ರ ತಮಿಳು, ಇಂಗ್ಲಿಷು. ಇವಳಿಗೂ ಕುದುರೆಗಳಿಂದಲೇ ಶುರು ಮಾಡೋಣ ಎಂದು ಬಿಚ್ಚಿ ನೋಡಿದರೆ ಕುದುರೆಗಳೇ ಕಾಣದಷ್ಟು ಮಸಿ. ಹಾಗೆ ಹುಡುಕಿಕೊಂಡು ಹೋದದ್ದು ಕಯಲ್ ಹತ್ತಿರ. ಚಿತ್ರ ಯಾವ ಪ್ಯಾರೀಸ್ ಕಾರ್ನರಿನಿಂದ ಕೈಗಾಡಿಯಲ್ಲಿ ಬಂದಿತ್ತೋ ಅಲ್ಲಿಗೇ ಟೆಂಪೊದಲ್ಲಿ ಹಿಂದಕ್ಕೆ ಹೋಯಿತು.

ಎರಡನೆಯ ಸಲ ನಾನು ಹೋದಾಗ ಕಯಲ್ ತನಗೆ ಪಾಠ ಹೇಳಿದ ಮೇಷ್ಟ್ರೊಬ್ಬರನ್ನು ಕರೆಸಿದ್ದಳು. ಬಿಳಿಗಡ್ಡದ ಸಜ್ಜನರು. ಭೂತಗನ್ನಡಿ ಹಿಡಿದು ಬಗ್ಗಿ ಬಹಳ ಹೊತ್ತು ನೋಡಿ, ಇಂಗ್ಲಿಷಿನಲ್ಲಿ ನನಗೆ ವಿವರಿಸಿದರು. ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ ದಟ್ಟವಾಗಿರುವ ಈ ಹೊಗೆ ಆಗತಾನೇ ಹಾರಿದ ಫಿರಂಗಿಯದು. ಕತ್ತಿಗಳ ತುದಿಯಲ್ಲಿ ರಕ್ತವಿದೆ, ಅಂದರೆ ಇದು ದಾಳಿಯ ಆರಂಭವಲ್ಲ, ನಡುಭಾಗ. ಇನ್ನು ಕುದುರೆಗಳ ಹಣೆಗಳಲ್ಲೇ ಗಾಯಗಳಿರುವುದು ವಿಶೇಷ, ಎದುರಾಳಿಗಳು ಭರ್ಜಿ ಹಿಡಿದ ಕಾಲಾಳುಗಳಾಗಿರಬೇಕು. ಬರೆದವನು ಯುದ್ಧವನ್ನು ಕಣ್ಣಾರೆ ಕಂಡವನು. ನಮ್ಮ ಮನೆಯವರು ಮೂವತ್ತು ವರ್ಷ ಹುಡುಕಿದ ಶತ್ರುವನ್ನು ಅವರು ಹತ್ತು ನಿಮಿಷದಲ್ಲಿ ಕಂಡುಹಿಡಿದುಬಿಟ್ಟಿದ್ದರು! ತಾತ ಇರಬೇಕಿತ್ತು ಎನಿಸಿತು. ನಗು ಬಂತು, ನಗುವ ಹೊತ್ತಿಗೆ ಕಣ್ಣಲ್ಲಿ ನೀರೂ ಬಂತು. "ಸರ್," ಎಂದೆ ತಮಿಳಿನಲ್ಲಿ, "ಆ ಫಿರಂಗಿ ನನ್ನ ತಲೆಕೂದಲು. ಆ ಗಾಯ ನಮ್ಮ ಅತ್ತೆ ಮಾಡಿದ್ದು." ಎಲ್ಲವನ್ನೂ ಹೇಳಿದೆ. ಅವರು ಭೂತಗನ್ನಡಿ ಕೆಳಗಿಟ್ಟು ನಿರ್ಮಲವಾಗಿ ನಕ್ಕರು. ಆಮೇಲೆ ಪೆಚ್ಚಾಗಿ, "ಹಾಗಾದರೆ ಇದರಲ್ಲಿ ಯಾವ ಕೆಂಪು ಚಿತ್ರಗಾರನದು, ಯಾವುದು ನಿಮ್ಮ ಮನೆಯದು?" ಎಂದರು. ನನಗೇನು ಗೊತ್ತು?

ಕಯಲ್ ಒಂದು ತಿಂಗಳಲ್ಲಿ ಕತ್ತಿಗಳನ್ನೂ ಕುದುರೆಗಳ ಹಣೆಗಳನ್ನೂ ತೊಳೆದಳು. ಕೆಳಗೆ ಒಂದು ಹನಿ ರಕ್ತವೂ ಇರಲಿಲ್ಲ. ಕತ್ತಿಗಳು ಅಚ್ಚ ಬಿಳಿ. ಆ ಹದಿನಾರು ಜನ ಇನ್ನೂ ಯಾರನ್ನೂ ಮುಟ್ಟಿಯೇ ಇರಲಿಲ್ಲ. ಉಳಿದದ್ದು ಐದನೆಯವನ ಕೈ. ಅದು ಕಡಲೆಬೀಜದಷ್ಟು ದಪ್ಪಕ್ಕೆ ಗಟ್ಟಿಯಾಗಿ ಕೂತಿತ್ತು. "ಎರಡು ದಿವಸದ ಕೆಲಸ ಮ್ಯಾಡಂ. ಕೆಳಗೆ ಕೈ ಚೆನ್ನಾಗೇ ಉಳಿದಿರತ್ತೆ. ಲಗಾಮು ಹಿಡಿದಿದಾನಾ, ಚಾವಟಿ ಹಿಡಿದು ತಾನೇ ಓಡಿಸ್ತಿದಾನಾ, ತೆರಿಂಜಿಡುಂ," ಎಂದಳು, ಗೊತ್ತಾಗಿಬಿಡುತ್ತದೆ ಎಂದು. ಚಾವಟಿಯ ಮಾತು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಎರಡು ದಿನ ತಾಳು ಎಂದು ಹೇಳಿ ಕ್ರೋಂಪೇಟೆಯ ರೈಲು ಹಿಡಿದೆ.

ಪದ್ಮತ್ತೆಗೆ ಎಂಬತ್ತು ದಾಟಿತ್ತು. ಕಣ್ಣು ಮಂದವಾಗಿತ್ತು, ನಾಲಗೆ ಆಗಿರಲಿಲ್ಲ. ಕಾಸಗಲದ ಕುಂಕುಮ ಅಂದಾಜಿನ ಮೇಲೆ ಸ್ವಲ್ಪ ಓರೆಯಾಗಿ ಕೂತಿತ್ತು. ಫೋನಿನಲ್ಲಿ ಚಿತ್ರ ದೊಡ್ಡದು ಮಾಡಿ ತೋರಿಸಿದೆ. ಮೂಗಿಗೆ ತಾಗುವ ಹಾಗೆ ಹಿಡಿದು ನೋಡಿದಳು.

"ಕತ್ತಿಗಳೆಲ್ಲ ಎಷ್ಟ್ ಚೆನ್ನಾಗ್ ಬೆಳ್ಳಗಾಗಿದಾವೆ. ಈ ಹುಡುಗಿ ನಮ್ಮನೆ ಪಾತ್ರೆಗೆ ಬರ್ತಾಳಾ ಕೇಳು."

"ಅತ್ತೆ, ಇದೊಂದು ಉಳಿದಿದೆ. ತೆಗೀಲಾ ಅಂತಿದಾಳೆ."

ಅವಳು ಫೋನನ್ನು ನನಗೆ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳು ಅಲ್ಲ, ಯಾವಾಗಲೂ ನೀರಾಡುವ ಮುದಿಗಣ್ಣು. "ಬೇಡ. ಅದನ್ನ ಮುಟ್ಟೋದ್ ಬೇಡ ಅಂತ ಹೇಳು."

"ಲಗಾಮು ತಾನೆ ಇರೋದು? ನೀನೇ ಹೇಳಿದ್ಯಲ್ಲ?"

"ಹೇಳ್ದೆ."

"ಮತ್ತೆ?"

"ಜಾನೂ, ನಾನೇ ಇಟ್ಟಿದ್ದು ಕಣೇ ಅದನ್ನ. ನೋಡ್ಬಿಟ್ಟೇ ಇಟ್ಟಿದ್ದು." ಅಷ್ಟು ಹೇಳಿ, ಎದುರುಮನೆಯ ಗೆಳತಿ ಇಸ್ಪೀಟಿನಲ್ಲಿ ಹೇಗೆ ಮೋಸ ಮಾಡುತ್ತಾಳೆ ಎಂಬುದಕ್ಕೆ ಹೊರಟಳು. ನಾನು ಹ್ಞೂಂಗುಟ್ಟಿದೆ. ನೋಡಿ ಇಟ್ಟದ್ದು ಎಂದರೆ ಲಗಾಮು ಕಂಡಿದ್ದಕ್ಕೆ ಪೂಜೆ ಮಾಡಿದ್ದೋ, ಕಾಣದ್ದಕ್ಕೆ ಮುಚ್ಚಿದ್ದೋ? ರೈಲಿನಲ್ಲಿ ಮರಳುವಾಗ ತಾಂಬರಂ ಕಡೆಯಿಂದ ಬಂದ ಜನರ ನಡುವೆ ನಿಂತು ಇದನ್ನೇ ತಿರುವಿಹಾಕಿದೆ. ಒಂದು ನಿಲ್ದಾಣಕ್ಕೆ ಹೀಗೆನಿಸಿದರೆ ಮುಂದಿನದಕ್ಕೆ ಹಾಗೆ. ಇಳಿಯಬೇಕಾದಲ್ಲಿ ಇಳಿಯದೆ ಎರಡು ನಿಲ್ದಾಣ ಮುಂದೆ ಹೋಗಿದ್ದೆ.

ಬೊಟ್ಟು ಹಾಗೇ ಇರಲಿ ಎಂದು ಕಯಲ್‌ಗೆ ಹೇಳಿದೆ. ಅವಳಿಗೆ ನಿರಾಸೆಯಾಯಿತು. ಎಂದಾದರೂ ಅದು ತಾನಾಗಿ ಸಿಪ್ಪೆಯೇಳುತ್ತದೆ ಮ್ಯಾಡಂ, ಅಂಚಿನಲ್ಲಿ ಆಗಲೇ ಬಿರುಕಿದೆ ಎಂದು ಎಚ್ಚರಿಸಿ ಚಿತ್ರ ಕಳಿಸಿಕೊಟ್ಟಳು. ಈಗ ಅದು ನಮ್ಮ ಹಾಲಿನಲ್ಲಿದೆ.

ಪದ್ಮತ್ತೆ ಆ ಆಷಾಢದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಕ್ರೋಂಪೇಟೆಯ ಆ ಸಣ್ಣ ಮನೆಯ ತುಂಬ ಬ್ಯಾಂಕಿನ ಮುದುಕಿಯರು. ಸ್ನಾನ ಮಾಡಿಸಿ ಮಲಗಿಸಿದ್ದರು. ಹಣೆ ಖಾಲಿಯಾಗಿತ್ತು. ಅಷ್ಟು ಖಾಲಿಯಾದ ಅವಳ ಹಣೆಯನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಬೇರೆ ಯಾರೋ ಅನಿಸಿತು. ಕರ್ಮ ಮಾಡಿಸಲು ಬಂದ ಪುರೋಹಿತರು ಚಿಕ್ಕ ವಯಸ್ಸಿನವರು, ಮಗ್ಗುಲಿಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು, "ಅಮ್ಮಾ, ಇವರ ಯಜಮಾನರು ಇದಾರಾ? ಕುಂಕುಮ ಇಡಬೇಕೋ ಬೇಡವೋ, ಅದರ ಮೇಲಿದೆ." ಯಾರಿಗೆ ಗೊತ್ತು? ಇದ್ದರೆ ಎಂಬತ್ತೆಂಟು, ತೊಂಬತ್ತು ಆಗಿರಬೇಕು. ಸತ್ತ ಸುದ್ದಿ ಬಂದಿರಲಿಲ್ಲ, ಬದುಕಿದ ಸುದ್ದಿಯೂ ಬಂದಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಾಯಿಂದ ಯಾವುದೋ ಎಂಟು ವರ್ಷದ ಹುಡುಗಿಯ ಮಾತು ಬಂತು.

"ಇದಾರೆ," ಎಂದೆ. "ಕ್ಯಾಂಪ್ ಹೋಗಿದಾರೆ."

ಬಟ್ಟಲು ತರಿಸಿ, ಬೆರಳು ಪೂರ್ತಿ ಅದ್ದಿ, ಕಾಸಗಲಕ್ಕೆ, ಈ ಸಲ ಓರೆಯಾಗದಂತೆ, ನಾನೇ ಇಟ್ಟೆ.

ಈ ವರ್ಷದ ಆಯುಧಪೂಜೆಗೆ ಮನೆಯಲ್ಲಿ ಮಿಕ್ಸಿ, ಲ್ಯಾಪ್‌ಟಾಪು, ಕಾರು, ಎಲ್ಲಕ್ಕೂ ಆಯಿತು. ಕತ್ತಿಗಳಿಗೆ ಬೇಡ, ಕಯಲ್ ಬೈಯುತ್ತಾಳೆ ಎಂದುಕೊಂಡೆ. ಸ್ಟೂಲು ಮಾತ್ರ ಹಾಕಿದೆ. ಬಟ್ಟಲು ಹಿಡಿದು ಕೆಳಗೆ ನಿಂತವಳು ನಿಲಾ. "ಪಾಟ್ಟಿ, ಅವರು ಏನ್ ಪಣ್ರಾರು?" ಎಂದಳು, ಅಜ್ಜಿ, ಅವರೇನು ಮಾಡುತ್ತಿದ್ದಾರೆ ಎಂದು; ಅರ್ಧ ಕನ್ನಡ, ಅರ್ಧ ತಮಿಳು. "ಮೊದಲನೇ ಕುದುರೆಯಿಂದ," ಎಂದೆ, ಆದರೆ ನಾನು ನಿಂತಿದ್ದುದು ಐದನೆಯದರ ಮುಂದೆ. ಕಯಲ್ ಹೇಳಿದ್ದು ನಿಜ, ಬೊಟ್ಟಿನ ಒಂದು ಅಂಚು ಎದ್ದಿತ್ತು. ಅದರಡಿಯಲ್ಲಿ ಕಂದುಬಣ್ಣದ ಸಣ್ಣ ಗೀರೊಂದು ಇಣುಕುತ್ತಿತ್ತು. ಚರ್ಮದ ಪಟ್ಟಿಯೇ ಇರಬೇಕು. ಲಗಾಮೂ ಚರ್ಮದ್ದು, ಚಾವಟಿಯೂ ಚರ್ಮದ್ದು. ನನ್ನ ಕನ್ನಡಕ ನೆತ್ತಿಯ ಮೇಲಿತ್ತು, ಕೈಗೆ ಎಟಕುವಷ್ಟು ಹತ್ತಿರ.

"ಇವನು ಲಗಾಮು ಎಳೀತಿದಾನೆ ಪುಟ್ಟಿ," ಎಂದೆ. "ಕುದುರೆ ಕೇಳ್ತಿಲ್ಲ."

ಕನ್ನಡಕ ಇಳಿಸಿಕೊಳ್ಳಲಿಲ್ಲ. ಮಸುಕಾಗಿ ಕಂಡಲ್ಲಿಗೆ ಕುಂಕುಮದ ಬೆರಳೊತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.